ಪರಿಸರ ಅಧ್ಯಯನ ಮೇಜರ್: 5ಕ್ಕೆ 3.5

ಪರಿಸರ ಅಧ್ಯಯನವನ್ನು ಮೇಜರ್ ಆಗಿ ತಗೋಬಹುದಾ ಅಂತ ಕೇಳುವವರು ಈಗ ಜಾಸ್ತಿ. ನಾನು ಅದನ್ನೇ ಓದಿದವಳು, ಹಾಗಾಗಿ ಈ ರಿವ್ಯೂ.

ಮೊದಲಿಗೆ ಒಂದು ವಿಷಯ. ಪರಿಸರ ವಿಜ್ಞಾನ ಬೇರೆ ಪದವಿ. ಅಲ್ಲಿ ಲ್ಯಾಬ್, ಕೆಮಿಸ್ಟ್ರಿ, ಗಣಿತ ಜಾಸ್ತಿ. ಇಲ್ಲಿ ಜೀವಶಾಸ್ತ್ರದ ಪಕ್ಕದಲ್ಲೇ ಅರ್ಥಶಾಸ್ತ್ರ, ಕಾನೂನು, ಇತಿಹಾಸ, ಸಮಾಜಶಾಸ್ತ್ರ ಬಂದು ಕೂರುತ್ತವೆ. ಇದನ್ನು ನೋಡಿಕೊಳ್ಳದೆ ಸೇರಿದವರು ಮೊದಲ ಸೆಮಿಸ್ಟರ್‌ನಲ್ಲೇ ಗೊಣಗಲು ಶುರು ಮಾಡುತ್ತಾರೆ.

ಇಡೀ ಕೋರ್ಸಿನಲ್ಲಿ ಕೊಟ್ಟ ಫೀಸಿಗೆ ಮೋಸವಿಲ್ಲ ಅನಿಸಿದ್ದು ಮಿನಮಾಟಾ ಪಾಠ. ಜಪಾನಿನ ಆ ಊರಿನಲ್ಲಿ ಚಿಸ್ಸೊ ಕಾರ್ಖಾನೆ ಪಾದರಸ ಸೇರಿದ ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಅದು ಮೀನಿನ ಮೈ ಸೇರಿತು, ಮೀನು ತಿಂದ ಬೆಕ್ಕುಗಳಿಗೂ ಜನರಿಗೂ ನರಗಳ ಕಾಯಿಲೆ ಬಂತು. ಕಾಯಿಲೆ ಅಧಿಕೃತವಾಗಿ ದಾಖಲಾಗಿದ್ದು 1956ರಲ್ಲಿ. ಕುಮಾಮೊಟೊ ವಿಶ್ವವಿದ್ಯಾಲಯದವರು ಇದು ಪಾದರಸದ ಕೆಲಸ ಅಂದಿದ್ದು 1959ರಲ್ಲಿ. ಸರ್ಕಾರ ಹೌದು ಅಂದಿದ್ದು 1968ರಲ್ಲಿ! ನಡುವಿನ ಒಂಬತ್ತು ವರ್ಷ ಏನಾಯ್ತು? ಕೆಮಿಸ್ಟ್ರಿಯವರ ಹತ್ತಿರ ಇದಕ್ಕೆ ಉತ್ತರ ಇಲ್ಲ, ಅವರ ಕೆಲಸ 1959ಕ್ಕೇ ಬಹುಪಾಲು ಮುಗಿದಿತ್ತು. ಊರಿನ ದುಡಿಮೆಯೆಲ್ಲ ಆ ಕಾರ್ಖಾನೆಯನ್ನೇ ನಂಬಿಕೊಂಡಿತ್ತು ಅನ್ನುವುದು ಅರ್ಥಶಾಸ್ತ್ರದವರ ಮಾತು, ಕಾಯಿಲೆ ಬಂದ ಮೀನುಗಾರರ ಮನೆಯವರನ್ನು ಅಕ್ಕಪಕ್ಕದವರೇ ದೂರ ಇಟ್ಟಿದ್ದು ಸಮಾಜಶಾಸ್ತ್ರದವರ ಮಾತು, ಇನ್ನು 1973ರಲ್ಲಿ ಕೋರ್ಟು ಕಂಪನಿಯದ್ದೇ ತಪ್ಪು ಅಂದಿದ್ದನ್ನು ಕಾನೂನಿನವರು ಬಿಡಿಸಿ ಹೇಳಿದರು. ಎಲ್ಲರೂ ಒಂದೇ ಕ್ಲಾಸಿನಲ್ಲಿ, ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಹಾಕುತ್ತಾ. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಈ ಮೇಜರ್ ಇರಬೇಕಾದ್ದೇ ಹೀಗೆ.

ಆದರೆ ಅಂಥ ಕ್ಲಾಸು ಸಿಕ್ಕಿದ್ದು ಅಪರೂಪ. ಉಳಿದಂತೆ ಒಂದೊಂದು ವಿಭಾಗದವರೂ ತಮ್ಮ ಮೊದಲ ವರ್ಷದ ಪಾಠವನ್ನೇ ತಂದು ಬಡಿಸಿ ಹೋಗುತ್ತಾರೆ. ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಅಳೆಯುತ್ತಿರುವ ಕಾರ್ಬನ್ ಡೈಆಕ್ಸೈಡ್ ಗ್ರಾಫ್ ಇದೆಯಲ್ಲ, ದಶಲಕ್ಷಕ್ಕೆ ಸುಮಾರು 315ರಿಂದ ಹೊರಟು ಈಗ 420 ದಾಟಿರುವುದು, ಅದನ್ನು ಹೆಚ್ಚುಕಡಿಮೆ ಎಲ್ಲ ಪೇಪರ್‌ನಲ್ಲೂ ತೋರಿಸಿದರು. ಆ ಗೆರೆ ಪ್ರತಿ ವರ್ಷ ಗರಗಸದ ಹಲ್ಲಿನಂತೆ ಏರಿ ಇಳಿಯುವುದು ಯಾಕೆ ಅಂತ ಹೇಳಿದ್ದು ಮಾತ್ರ ಒಬ್ಬರೇ (ಉತ್ತರ ಗೋಳಾರ್ಧದ ಗಿಡಮರಗಳು ಬೇಸಿಗೆಯಲ್ಲಿ ಎಳೆದುಕೊಂಡು ಚಳಿಗಾಲದಲ್ಲಿ ಬಿಡುವುದರಿಂದ). ಇವನ್ನೆಲ್ಲ ಒಂದಕ್ಕೊಂದು ಜೋಡಿಸುವ ಕೆಲಸ ಯಾರದ್ದು? ವಿದ್ಯಾರ್ಥಿಯದ್ದಂತೆ! ಮದುವೆ ಮನೆಯಲ್ಲಿ ಎರಡೂ ಕಡೆಯವರು ಇವರು ಆ ಕಡೆಯವರಿರಬೇಕು ಅಂದುಕೊಳ್ಳುವ ನೆಂಟರಿರುತ್ತಾರಲ್ಲ, ನಮ್ಮ ಸ್ಥಿತಿ ಅದೇ. ಒಂದೂವರೆ ಅಂಕ ಕಳೆದಿದ್ದು ಇದಕ್ಕೇ.

ಅಂಕಿಅಂಶಶಾಸ್ತ್ರ ತೀರಾ ಮೇಲುಮೇಲಿನದ್ದು, ಜಿಐಎಸ್ (ಕಂಪ್ಯೂಟರಿನಲ್ಲಿ ಮ್ಯಾಪ್ ಮಾಡುವ ವಿದ್ಯೆ) ಐಚ್ಛಿಕ. ಇವೆರಡನ್ನೂ ಕಡ್ಡಾಯ ಮಾಡಬೇಕಿತ್ತು. ದೊಡ್ಡ ಯೋಜನೆಯೊಂದರ ಪರಿಸರ ಪರಿಣಾಮ ವರದಿ ಮಾಡುವ ತಂಡದಲ್ಲಿ ಮಣ್ಣು, ನೀರು, ಹಕ್ಕಿ, ಸದ್ದು, ಮನೆ ಕಳೆದುಕೊಳ್ಳುವ ಜನ, ಎಲ್ಲವನ್ನೂ ಓದಿ ಅರ್ಥ ಮಾಡಿಕೊಳ್ಳುವವರು ಬೇಕು, ನಿಜ. ಆದರೆ ಕೆಲಸಕ್ಕೆ ತಗೊಳ್ಳುವಾಗ ಮೊದಲು ಕೇಳುವುದು ನಿನಗೆ ಕೈಯಾರೆ ಏನು ಮಾಡಲು ಬರುತ್ತದೆ ಅಂತ. ಮ್ಯಾಪ್ ಮಾಡಲು ಬರುತ್ತದೆ ಅಂದರೆ ಮಾತು ಮುಂದುವರಿಯುತ್ತದೆ. ಸಮಗ್ರವಾಗಿ ಯೋಚಿಸಲು ಬರುತ್ತದೆ ಅಂದರೆ ಸುಮ್ನೆ ನಗುತ್ತಾರೆ.

ಹಾಗಂತ ಒಂದು ವಿಷಯದಿಂದ ಇನ್ನೊಂದಕ್ಕೆ ಬೇಲಿ ಹಾರುವುದೇ ದಂಡ ಅಂತಲ್ಲ. ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ಆಗುತ್ತದೆ ಅಂತ 1968ರಲ್ಲಿ ಬರೆದ ಗ್ಯಾರೆಟ್ ಹಾರ್ಡಿನ್ ಜೀವಶಾಸ್ತ್ರದವರು. ಹಾಗೇನಿಲ್ಲ, ಜನ ತಾವೇ ನಿಯಮ ಮಾಡಿಕೊಂಡು ಕಾಡು, ಕಾಲುವೆ, ಮೀನು ಉಳಿಸಿಕೊಂಡಿದ್ದಾರೆ ಅಂತ ತೋರಿಸಿದ ಎಲಿನಾರ್ ಆಸ್ಟ್ರಾಮ್ ರಾಜ್ಯಶಾಸ್ತ್ರದವರು, 2009ರಲ್ಲಿ ಅವರಿಗೆ ಬಂದಿದ್ದು ಅರ್ಥಶಾಸ್ತ್ರದ ನೊಬೆಲ್. ಆದರೆ ಇಬ್ಬರಿಗೂ ಕಾಲೂರಲು ಸ್ವಂತದ್ದೊಂದು ವಿಷಯ ಇತ್ತು ಅಲ್ವಾ.

ಸೇರುವ ಮುಂಚೆ ಕಾಲೇಜಿನಲ್ಲಿ ಎರಡು ಪ್ರಶ್ನೆ ಕೇಳಿ. ಎರಡು ವಿಭಾಗದವರು ಒಟ್ಟಿಗೆ ನಿಂತು ಪಾಠ ಮಾಡುವ ಪೇಪರ್ ಒಂದಾದರೂ ಇದೆಯಾ? ಕೊನೇ ವರ್ಷದ ಪ್ರಾಜೆಕ್ಟಿಗೆ ಬೇರೆ ಬೇರೆ ವಿಭಾಗದ ಇಬ್ಬರು ಗೈಡ್ ಇಟ್ಟುಕೊಳ್ಳಬಹುದಾ? ಎರಡಕ್ಕೂ ಇಲ್ಲ ಅಂದರೆ ಜೀವಶಾಸ್ತ್ರವನ್ನೋ ಅರ್ಥಶಾಸ್ತ್ರವನ್ನೋ ಮೇಜರ್ ಮಾಡಿಕೊಂಡು ಇದನ್ನು ಮೈನರ್ ಆಗಿ ಓದಿ.