‘ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ’ ಎನ್ನುವ ಬಾಡಿಗೆದಾರರ ವಿಷಯದಲ್ಲಿ ಹೊಸ ಮಾಲೀಕರಿಗೆ ಎಚ್ಚರಿಕೆ

ಬೆಂಗಳೂರಿನಲ್ಲಿ ಮೊದಲ ಬಾರಿಗೆ ಮನೆಯನ್ನು ಬಾಡಿಗೆಗೆ ಕೊಡುತ್ತಿರುವವರನ್ನು ಉದ್ದೇಶಿಸಿ ಇದನ್ನು ಬರೆಯುತ್ತಿದ್ದೇನೆ. ಬಾಡಿಗೆ ತಡವಾದಾಗ ಬಾಡಿಗೆದಾರರು ‘ಈ ತಿಂಗಳದ್ದು ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ ಸಾರ್’ ಎಂದು ಹೇಳಿದರೆ, ಅದು ಒಂದು ತಿಂಗಳ ತೊಂದರೆಗೆ ಕೇಳಿದ ಸಹಾಯವೆಂದು ಭಾವಿಸದೆ, ಆ ಏರ್ಪಾಡಿಗೆ ಒಪ್ಪಿಗೆಯಿಲ್ಲವೆಂದು ಅಂದೇ ಬರವಣಿಗೆಯಲ್ಲಿ ತಿಳಿಸಿ. ಎರಡನೇ ತಿಂಗಳೂ ಹಣ ಬಾರದಿದ್ದರೆ ವಕೀಲರ ಮೂಲಕ ನೋಟಿಸ್ ಕಳುಹಿಸಿ. ಇದು ಕಠೋರವೆನಿಸಬಹುದು. ಆದರೆ ಅಡ್ವಾನ್ಸ್ ಹಣ ಪೂರ್ತಿ ಕರಗಿದ ಮೇಲೆ ಮಾಲೀಕನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬುದನ್ನು ನಮ್ಮ ಕುಟುಂಬ ಒಂದು ವರ್ಷಕ್ಕೂ ಹೆಚ್ಚು ಕಾಲ ಅನುಭವಿಸಿದೆ.

ಬನಶಂಕರಿ ಆರನೇ ಹಂತದ ನಮ್ಮ 30×40 ನಿವೇಶನದಲ್ಲಿ ಬ್ಯಾಂಕ್ ಸಾಲದಿಂದ ಮೇಲಂತಸ್ತು ಕಟ್ಟಿಸಿ, 2023ರ ಮಧ್ಯಭಾಗದಲ್ಲಿ ತಿಂಗಳಿಗೆ 25,000 ರೂಪಾಯಿ ಬಾಡಿಗೆ ಮತ್ತು 1,50,000 ರೂಪಾಯಿ ಅಡ್ವಾನ್ಸ್‌ಗೆ ಒಂದು ಸಂಸಾರಕ್ಕೆ ಕೊಟ್ಟೆವು. ಬಾಡಿಗೆಯ ಹಣವೇ ಸಾಲದ ಕಂತಿನ ಬಹುಪಾಲನ್ನು ತುಂಬಬೇಕಿತ್ತು. ಮನೆಯ ಯಜಮಾನರು ಸಣ್ಣ ವ್ಯಾಪಾರ ನಡೆಸುತ್ತಿದ್ದರು, ಮಾತು ಮೃದು, ಮಕ್ಕಳು ಹತ್ತಿರದ ಶಾಲೆಗೆ ಹೋಗುತ್ತಿದ್ದರು. ಮೊದಲ ಕೆಲವು ತಿಂಗಳು ಬಾಡಿಗೆ ಐದನೇ ತಾರೀಖಿನೊಳಗೆ ಖಾತೆಗೆ ಬೀಳುತ್ತಿತ್ತು. ಹನ್ನೊಂದು ತಿಂಗಳ ಕರಾರು ಪತ್ರವನ್ನು ಬ್ರೋಕರ್ ತಾನೇ ಟೈಪ್ ಮಾಡಿಸಿ, 100 ರೂಪಾಯಿಯ ಇ-ಸ್ಟಾಂಪ್ ಹಚ್ಚಿಸಿ ತಂದುಕೊಟ್ಟಿದ್ದರು. ಆ ಪತ್ರದ ಸಂಗತಿಯನ್ನು ಮುಂದೆ ಹೇಳುತ್ತೇನೆ.

2024ರ ಬೇಸಿಗೆ ನಿಮಗೆಲ್ಲ ನೆನಪಿರುತ್ತದೆ. ನಮ್ಮ ಕೊಳವೆಬಾವಿ ಬತ್ತಿತು, ಟ್ಯಾಂಕರ್ ತರಿಸುವುದು ಅನಿವಾರ್ಯವಾಯಿತು. ಆ ಮಾರ್ಚ್‌ನಲ್ಲಿ ಸರ್ಕಾರ ಐದು ಕಿಲೋಮೀಟರ್ ಒಳಗಿನ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ಎಂದು ದರ ನಿಗದಿ ಮಾಡಿತಾದರೂ, ಆ ದರಕ್ಕೆ ನೀರು ತರಿಸುವುದು ನಮ್ಮ ಬೀದಿಯಲ್ಲಿ ಯಾರಿಗೂ ಸುಲಭವಾಗಿರಲಿಲ್ಲ. ನೀರಿನ ಖರ್ಚನ್ನು ನಾವೇ ಭರಿಸಿದರೂ, ‘ನೀರಿಲ್ಲದ ಮನೆಗೆ ಪೂರ್ತಿ ಬಾಡಿಗೆ ಏಕೆ’ ಎಂಬ ತಕರಾರಿನೊಂದಿಗೆ ಮೊದಲ ಬಾಕಿ ಶುರುವಾಯಿತು. ಆ ತಕರಾರಿನಲ್ಲಿ ಸ್ವಲ್ಪ ನ್ಯಾಯವಿತ್ತೆಂದು ನಾನು ಈಗಲೂ ಒಪ್ಪುತ್ತೇನೆ, ಆ ತಿಂಗಳು 5,000 ರೂಪಾಯಿ ಬಿಟ್ಟೂಕೊಟ್ಟೆವು. ಆದರೆ ಮಳೆ ಬಂದು ಕೊಳವೆಬಾವಿಯಲ್ಲಿ ನೀರು ಬಂದ ಮೇಲೂ ಬಾಡಿಗೆ ಬರಲಿಲ್ಲ. ನೀರಿನ ಕಾರಣ ಹೋಗಿ ವ್ಯಾಪಾರದ ನಷ್ಟದ ಕಾರಣ ಬಂತು, ಅದರ ಹಿಂದೆ ಶಾಲೆಯ ಶುಲ್ಕ, ಊರಿನಲ್ಲಿ ತಂದೆಯ ಚಿಕಿತ್ಸೆ. ಪ್ರತಿ ಸಲವೂ ಮಾತು ಮುಗಿಯುತ್ತಿದ್ದದ್ದು ಒಂದೇ ವಾಕ್ಯದಲ್ಲಿ: ನಿಮ್ಮ ಹತ್ತಿರ ಒಂದೂವರೆ ಲಕ್ಷ ಇದೆಯಲ್ಲ, ಅದರಲ್ಲಿ ಮುರ್ಕೊಳ್ಳಿ.

ಇದರ ಲೆಕ್ಕವನ್ನು ಬಿಡಿಸಿ ನೋಡುವುದು ಅಗತ್ಯ. ಒಂದೂವರೆ ಲಕ್ಷವೆಂದರೆ ಆರು ತಿಂಗಳ ಬಾಡಿಗೆ ಎಂದು ಕಾಣುತ್ತದೆ. ಆದರೆ ನಮ್ಮೂರಿನ ರೂಢಿಯಂತೆ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು, ಖಾಲಿ ಮಾಡುವ ಹೊತ್ತಿಗೆ ಉಳಿಯುವ ಬೆಸ್ಕಾಂ ಮತ್ತು ಜಲಮಂಡಳಿ ಬಿಲ್ಲುಗಳನ್ನೂ, ಮುರಿದ ನಲ್ಲಿ, ಒಡೆದ ಸಿಂಕಿನ ರಿಪೇರಿಯನ್ನೂ ಕಳೆದರೆ ಕೈಯಲ್ಲಿರುವುದು ಹೆಚ್ಚೆಂದರೆ ನಾಲ್ಕೂವರೆ ತಿಂಗಳ ಹಣ. ನೋಟಿಸ್ ತಲುಪಿ, ಅದರ ಅವಧಿ ಮುಗಿದು, ದಾವೆ ಹೂಡಿ, ಎದುರು ಪಕ್ಷದವರು ಸಮನ್ಸ್ ಸ್ವೀಕರಿಸಿ ಉತ್ತರ ಸಲ್ಲಿಸುವಷ್ಟರಲ್ಲೇ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಅಡ್ವಾನ್ಸ್ ಇರುವುದು ಬಾಡಿಗೆಗೆ ಬದಲಿ ಹಣವಾಗಿ ಅಲ್ಲ. ಮನೆಯನ್ನು ಸರಿಯಾಗಿ ಬಿಟ್ಟುಹೋದರೆ ತನಗೆ ಒಂದು ಮೊತ್ತ ವಾಪಸು ಸಿಗುತ್ತದೆ ಎಂಬ ಆಸೆ ಬಾಡಿಗೆದಾರರಲ್ಲಿ ಉಳಿಯಲಿ ಎಂದು. ಆ ಆಸೆ ಇರುವವರೆಗೆ ಮಾತುಕತೆ ಸಾಧ್ಯ. ಅಡ್ವಾನ್ಸ್ ಶೂನ್ಯಕ್ಕೆ ಬಂದ ದಿನದಿಂದ ಅವರಿಗೆ ಮನೆ ಬಿಡುವುದರಲ್ಲಿ ಲಾಭವೇ ಇಲ್ಲ, ಉಳಿಯುವುದರಲ್ಲಿ ಪ್ರತಿ ತಿಂಗಳೂ ಲಾಭ.

ಈ ಹಂತದಲ್ಲಿ ಸಲಹೆ ಕೊಡುವವರು ಬಹಳ ಮಂದಿ ಸಿಗುತ್ತಾರೆ. ಕರೆಂಟ್ ಫ್ಯೂಸ್ ತೆಗೆಯಿರಿ, ಮೋಟಾರ್ ನಿಲ್ಲಿಸಿ, ಹಬ್ಬಕ್ಕೆ ಊರಿಗೆ ಹೋದಾಗ ಬೀಗ ಬದಲಿಸಿ ಎಂದು ಅಕ್ಕಪಕ್ಕದವರೂ ನೆಂಟರೂ ಹೇಳಿದರು. ಒಬ್ಬರಂತೂ ‘ಹುಡುಗರನ್ನು’ ಕಳುಹಿಸಿಕೊಡುವುದಾಗಿ ಮುಂದೆ ಬಂದರು. ದಯವಿಟ್ಟು ಇವುಗಳಲ್ಲಿ ಯಾವುದಕ್ಕೂ ಕೈಹಾಕಬೇಡಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ಪ್ರಕಾರ, ಕಾನೂನುಬದ್ಧ ಕ್ರಮವಿಲ್ಲದೆ ಸ್ಥಿರಾಸ್ತಿಯಿಂದ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು, ಮತ್ತು ಆ ದಾವೆಯಲ್ಲಿ ಮನೆ ಯಾರ ಹೆಸರಿನಲ್ಲಿದೆ ಎಂಬುದು ಅಡ್ಡಿಯಾಗುವುದಿಲ್ಲ. ಅಂದರೆ ಬಾಡಿಗೆ ಕೊಡದವರೇ ಫಿರ್ಯಾದಿಗಳಾಗಿ, ನೀವು ಪ್ರತಿವಾದಿಯಾಗಿ ನಿಲ್ಲುವಿರಿ. ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ’ ಎಂದು ಹೇಳಿದರು. ಬೇಸರವಾಯಿತಾದರೂ, ಬಾಕಿ ಬಾಡಿಗೆಯ ಮಟ್ಟಿಗೆ ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಬಾಡಿಗೆದಾರರು ಆಗಾಗ ‘ರೆಂಟ್ ಆಕ್ಟ್ ಪ್ರಕಾರ ನೀವು ನಮ್ಮನ್ನು ಎಬ್ಬಿಸುವ ಹಾಗಿಲ್ಲ’ ಎಂದು ಹೆದರಿಸುತ್ತಿದ್ದರು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಇಂದಿನ ಬಹುತೇಕ ಮನೆಗಳ ವ್ಯಾಜ್ಯ ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ. ಹನ್ನೊಂದು ತಿಂಗಳ ಕರಾರು ಮುಗಿದ ಮೇಲೂ ಬಾಡಿಗೆ ಪಡೆಯುತ್ತಾ ಹೋದರೆ ಅದು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯಾಗುತ್ತದೆ. ಅದನ್ನು ಕೊನೆಗೊಳಿಸಲು 106ನೇ ಕಲಮಿನಂತೆ ಹದಿನೈದು ದಿನಗಳ ಲಿಖಿತ ನೋಟಿಸ್ ಬೇಕು. ಆ ನೋಟಿಸ್‌ನಲ್ಲಿ ಬಾಕಿ ಹಣವನ್ನು ಕೇಳಿದರಷ್ಟೇ ಸಾಲದು, ಬಾಡಿಗೆ ಸಂಬಂಧವನ್ನು ಮುಕ್ತಾಯಗೊಳಿಸಿದ್ದೇವೆ, ಇಂಥ ದಿನದೊಳಗೆ ಖಾಲಿ ಸ್ವಾಧೀನ ಕೊಡಬೇಕು ಎಂದು ಸ್ಪಷ್ಟವಾಗಿ ಬರೆದಿರಬೇಕು. ವಾಟ್ಸ್‌ಆಪ್‌ನಲ್ಲಿ ‘ಮನೆ ಖಾಲಿ ಮಾಡಿ’ ಎಂದು ಬರೆದ ಸಂದೇಶಗಳನ್ನು ನೆಚ್ಚಿಕೊಂಡು ಕೂರಬೇಡಿ. ಸ್ವೀಕೃತಿ ಸಹಿತ ಅಂಚೆಯಲ್ಲೇ ಕಳುಹಿಸಿ, ಲಕೋಟೆ ‘ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಮರಳಿದರೆ ಅದನ್ನು ಒಡೆಯದೆ ಹಾಗೆಯೇ ಇಟ್ಟುಕೊಳ್ಳಿ; ಸರಿಯಾದ ವಿಳಾಸಕ್ಕೆ ಕಳುಹಿಸಿದ್ದನ್ನು ಪಡೆಯಲು ನಿರಾಕರಿಸಿದರೆ ತಲುಪಿದಂತೆಯೇ ಎಂದು ನ್ಯಾಯಾಲಯಗಳು ಸಾಮಾನ್ಯವಾಗಿ ಪರಿಗಣಿಸುತ್ತವೆ.

ನೋಟಿಸ್ ಅವಧಿ ಮುಗಿದ ಕೆಲವೇ ದಿನಗಳಲ್ಲಿ ನನಗೆ ಅತ್ಯಂತ ಆಶ್ಚರ್ಯ ತಂದ ಘಟನೆ ನಡೆಯಿತು. ತಿಂಗಳುಗಟ್ಟಲೆ ಒಂದು ರೂಪಾಯಿಯೂ ಕೊಡದವರು ಯುಪಿಐ ಮೂಲಕ ಏಕಾಏಕಿ 25,000 ರೂಪಾಯಿ ಕಳುಹಿಸಿ, ಜೊತೆಗೆ ಆ ತಿಂಗಳ ಹೆಸರನ್ನು ನಮೂದಿಸಿ ‘ಬಾಡಿಗೆ’ ಎಂದು ಬರೆದಿದ್ದರು. ಮನೆಯವರೆಲ್ಲ ಸಂತೋಷಪಟ್ಟರು. ವಕೀಲರು ಮಾತ್ರ ಸಂತೋಷಪಡಲಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 113ನೇ ಕಲಮಿನಲ್ಲಿ, ನೋಟಿಸ್ ಅವಧಿ ಮುಗಿದ ಮೇಲಿನ ಕಾಲಕ್ಕೆ ಬಾಡಿಗೆ ಎಂದು ಕೊಟ್ಟ ಹಣವನ್ನು ಮಾಲೀಕ ಸ್ವೀಕರಿಸಿದರೆ ನೋಟಿಸನ್ನೇ ಕೈಬಿಟ್ಟಂತೆ ಎಂಬ ಉದಾಹರಣೆ ಇದೆ. ನಗದು ಹಣವಾದರೆ ಬೇಡವೆನ್ನಬಹುದು, ಯುಪಿಐನಲ್ಲಿ ಬಂದದ್ದನ್ನು ತಡೆಯುವ ಬಗೆಯಿಲ್ಲ. ಅದೇ ದಿನ, ಈ ಮೊತ್ತವನ್ನು ಹಳೆಯ ಬಾಕಿಯ ಲೆಕ್ಕಕ್ಕೆ ಮಾತ್ರ, ನಮ್ಮ ಹಕ್ಕುಗಳಿಗೆ ಬಾಧೆಯಿಲ್ಲದಂತೆ ಜಮಾ ಮಾಡಿಕೊಂಡಿದ್ದೇವೆ ಮತ್ತು ನೋಟಿಸ್ ಜಾರಿಯಲ್ಲಿಯೇ ಇದೆ ಎಂದು ವಕೀಲರು ಪತ್ರ ಕಳುಹಿಸಿದರು. ಮುಂದೆ ಎದುರು ವಕೀಲರು ಇದೇ ಅಂಶವನ್ನು ಎತ್ತಿದಾಗ ಆ ಪತ್ರವೊಂದೇ ನಮ್ಮನ್ನು ಉಳಿಸಿತು.

ಕರಾರು ಪತ್ರದ ವಿಷಯ. ಬಾಡಿಗೆ, ಅಡ್ವಾನ್ಸ್, ಅವಧಿ ಇವುಗಳಿಗೆ ತಕ್ಕಷ್ಟು ಮುದ್ರಾಂಕ ಶುಲ್ಕ ಕಟ್ಟದ ದಾಖಲೆಯನ್ನು 1957ರ ಕರ್ನಾಟಕ ಸ್ಟಾಂಪು ಕಾಯ್ದೆಯ 34ನೇ ಕಲಮಿನ ಪ್ರಕಾರ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ಸ್ವೀಕರಿಸಬೇಕಾದರೆ ಕೊರತೆಯ ಶುಲ್ಕದೊಂದಿಗೆ ಅದರ ಹತ್ತು ಪಟ್ಟು ದಂಡ ತೆರಬೇಕು. 100 ರೂಪಾಯಿಯ ಕಾಗದದ ಮೇಲೆ ಬ್ರೋಕರ್‌ಗಳು ಬರೆಸಿಕೊಡುವ ಕರಾರುಗಳನ್ನು ಒಮ್ಮೆ ವಕೀಲರಿಗೆ ತೋರಿಸಿ. ಇನ್ನೊಂದು ಅಪಾಯ ಅಡ್ವಾನ್ಸ್ ಮೊತ್ತದ್ದು. ನಮ್ಮ ಬಾಡಿಗೆದಾರರು ಬ್ಯಾಂಕಿನ ಮೂಲಕ ಕೊಟ್ಟ ಒಂದೂವರೆ ಲಕ್ಷವಲ್ಲದೆ ಇನ್ನೂ ಎರಡು ಲಕ್ಷ ನಗದು ಕೊಟ್ಟಿರುವುದಾಗಿ ಉತ್ತರ ನೋಟಿಸ್‌ನಲ್ಲಿ ಬರೆಸಿದರು! ಪೂರ್ತಿ ಅಡ್ವಾನ್ಸ್ ಬ್ಯಾಂಕಿನ ಮೂಲಕವೇ ಬಂದು, ಅದೇ ಅಂಕಿ ಕರಾರಿನಲ್ಲಿ ಅಕ್ಷರಗಳಲ್ಲಿಯೂ ಇದ್ದುದರಿಂದ ಆ ವಾದ ನಿಲ್ಲಲಿಲ್ಲ. ಅಡ್ವಾನ್ಸ್‌ನ ಒಂದು ಭಾಗವನ್ನು ನಗದಾಗಿ ಪಡೆಯುವ ಮಾಲೀಕರು ಇದನ್ನು ಗಮನದಲ್ಲಿಡಬೇಕು. ಹಾಗೆಯೇ, ಮನೆಯ ವಿಳಾಸದಲ್ಲಿ ಜಿಎಸ್‌ಟಿ ನೋಂದಣಿ ಮಾಡಿಸಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎಂದು ಬಾಡಿಗೆದಾರರು ನಡುವೆ ಕೇಳಿದ್ದರು. ನಾವು ಹಾಕಲಿಲ್ಲ, ನೀವೂ ಹಾಕಬೇಡಿ.

ಬೆಂಗಳೂರಿನಲ್ಲಿ ಇಂಥ ಖಾಲಿ ಮಾಡಿಸುವ ದಾವೆಗಳು ಲಘು ವ್ಯವಹಾರಗಳ ನ್ಯಾಯಾಲಯಕ್ಕೆ ಹೋಗುತ್ತವೆ. ವಾಯಿದೆಗಳ ವಿವರ ಬೇಡ. ಅವು ಯಾರ ತಪ್ಪೂ ಅಲ್ಲದೆ ಮುಂದಕ್ಕೆ ಹೋಗುತ್ತಿರುತ್ತವೆ. ಕೊನೆಗೆ ನ್ಯಾಯಾಧೀಶರು ಪ್ರಕರಣವನ್ನು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿರುವ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಿದರು. ಆ ಹೊತ್ತಿಗೆ ಬಾಕಿ 2,75,000 ರೂಪಾಯಿಗೆ ಏರಿತ್ತು. ಅಡ್ವಾನ್ಸ್ ಪೂರ್ತಿ ಕಳೆದು ಉಳಿದ 1,25,000 ರೂಪಾಯಿಯಲ್ಲಿ ಅವರು 60,000 ಕೊಟ್ಟು, ಎರಡು ತಿಂಗಳೊಳಗೆ ಮನೆ ಬಿಡುವುದು, ಆ ಎರಡು ತಿಂಗಳಿಗೆ ಏನೂ ಕೊಡಬೇಕಾಗಿಲ್ಲ ಎಂದು ಒಪ್ಪಂದವಾಯಿತು. ನೆಂಟರಲ್ಲಿ ಕೆಲವರು ಇದನ್ನು ಸೋಲೆಂದರು. ಬಡ್ಡಿ ಕಟ್ಟುತ್ತಿರುವವರಿಗೆ ಪೂರ್ತಿ ತೀರ್ಪಿಗಾಗಿ ಕಾಯುವುದಕ್ಕಿಂತ ಖಾಲಿ ಮನೆಯೇ ಹೆಚ್ಚು ಬೆಲೆಯುಳ್ಳದ್ದು ಎಂಬುದು ನನ್ನ ಅಭಿಪ್ರಾಯ. ಆದರೆ ಒಪ್ಪಂದವನ್ನು ಹೊರಗೆ ಕಾಗದದ ಮೇಲೆ ಮಾಡಿಕೊಳ್ಳದೆ ನ್ಯಾಯಾಲಯದಲ್ಲಿ ದಾಖಲಿಸಿ ಡಿಕ್ರಿ, ಅಂದರೆ ನ್ಯಾಯಾಲಯದ ವಿಧ್ಯುಕ್ತ ಆದೇಶ, ಪಡೆಯಿರಿ. ಮಾತಿಗೆ ತಪ್ಪಿದರೆ ಹೊಸ ದಾವೆ ಬೇಕಿಲ್ಲ, ನೇರವಾಗಿ ಆ ಡಿಕ್ರಿಯನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಹಾಕಿ ನ್ಯಾಯಾಲಯದ ಅಮೀನರ ಮೂಲಕ ಸ್ವಾಧೀನ ಪಡೆಯಬಹುದು. ನಮ್ಮ ಬಾಡಿಗೆದಾರರು ಗಡುವಿನ ಕೊನೆಯ ದಿನ ಬಿಟ್ಟುಹೋದದ್ದು ಈ ಭಯದಿಂದಲೇ.

ಬಾರದ ಬಾಡಿಗೆಯನ್ನು ಆದಾಯ ತೆರಿಗೆಯ ಲೆಕ್ಕದಿಂದ ಕೈಬಿಡಬೇಕಾದರೂ, ಬಾಡಿಗೆದಾರರನ್ನು ಎಬ್ಬಿಸಲು ಮತ್ತು ಬಾಕಿ ವಸೂಲಿಗೆ ಕ್ರಮ ಕೈಗೊಂಡದ್ದಕ್ಕೆ ಆಧಾರ ಬೇಕಾಗುತ್ತದೆ. ಹೀಗಾಗಿ ನೋಟಿಸ್, ಅಂಚೆ ರಸೀದಿ, ದಾವೆಯ ಪ್ರತಿಗಳನ್ನು ಲೆಕ್ಕಪರಿಶೋಧಕರಿಗೂ ಕೊಡಿ.

ಕೀಲಿ ಕೈಗೆ ಬರುವ ದಿನ ಮೀಟರ್ ಓದುವಿಕೆಯ ಚಿತ್ರ ತೆಗೆದು, ಖಾಲಿ ಸ್ವಾಧೀನ ಕೊಟ್ಟಿದ್ದಾರೆಂದು ಬರೆಸಿ ಸಹಿ ಹಾಕಿಸಿಕೊಳ್ಳಿ. ಬಾಡಿಗೆದಾರರು ಉಳಿಸಿದ ವಿದ್ಯುತ್ ಬಿಲ್ಲಿನ ಬಾಕಿ ಆ ಸಂಪರ್ಕದ ಗುರುತಾದ ಆರ್‌ಆರ್ ಸಂಖ್ಯೆಯ ಮೇಲೆಯೇ ನಿಲ್ಲುವುದರಿಂದ ಅದು ಕೊನೆಗೆ ಬರುವುದು ಮಾಲೀಕರ ತಲೆಗೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಅವರು ತಮ್ಮ ಆಧಾರ್ ಅನ್ನು ನಿಮ್ಮ ಆರ್‌ಆರ್ ಸಂಖ್ಯೆಗೆ ಜೋಡಿಸಿದ್ದರೆ, ಅದನ್ನು ಬೇರ್ಪಡಿಸದ ಹೊರತು ಹೊಸದಾಗಿ ಬರುವವರು ಅರ್ಜಿ ಹಾಕಲು ತೊಡಕಾಗುತ್ತದೆ. ಬೇರ್ಪಡಿಸಲು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅವಕಾಶವಿದೆ, ಆದರೆ ಅದಕ್ಕೆ ಅವರ ಮೊಬೈಲ್‌ಗೆ ಬರುವ ಒಟಿಪಿ ಬೇಕಾಗಬಹುದು, ಮನೆ ಬಿಟ್ಟು ಹೋದವರು ಫೋನ್ ಎತ್ತುವುದಿಲ್ಲ. ಆದ್ದರಿಂದ ಈ ಕೆಲಸವನ್ನು ಸಾಮಾನು ಲಾರಿಗೆ ಏರುವ ಮುನ್ನವೇ ಅವರನ್ನು ಎದುರಿಗೆ ಕೂರಿಸಿಕೊಂಡು ಮುಗಿಸಿ.