ದೇವರಾದ ಡೂಮ್: ‘ಸೀಕ್ರೆಟ್ ವಾರ್ಸ್’ ಸಂಪುಟದ ವಿಮರ್ಶೆ

ಮಾರ್ವೆಲ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸೀಕ್ರೆಟ್ ವಾರ್ಸ್’ ಕಾಮಿಕ್ಸ್ ಸರಣಿಯ ಒಂಬತ್ತೂ ಸಂಚಿಕೆಗಳು ಒಂದೇ ಸಂಪುಟವಾಗಿ ಬಂದಿವೆ. ಜೊನಾಥನ್ ಹಿಕ್‌ಮನ್ ಬರೆದು, ಎಸಾದ್ ರಿಬಿಚ್ ಚಿತ್ರ ಬರೆದಿರುವ ಈ ಕಥೆಯ ಬಗ್ಗೆ ಅಭಿಮಾನಿಗಳಲ್ಲಿ ಇನ್ನೂ ಬಗೆಹರಿಯದ ವಾದವೊಂದಿದೆ: ಇದರಲ್ಲಿ ಮಾರ್ವೆಲ್‌ನ ಹಳೆಯ ಪ್ರತಿನಾಯಕ, ಮುಖವಾಡಧಾರಿ ಡಾಕ್ಟರ್ ಡೂಮ್ ಖಳನೋ, ಲೋಕರಕ್ಷಕನೋ? ನನ್ನ ಮಟ್ಟಿಗೆ ಅವನೇ ಕಥಾನಾಯಕ, ಆದರೆ ಅವನ ಪಕ್ಷ ವಹಿಸುವವರು ಕೊಡುವ ಕಾರಣಕ್ಕಾಗಿ ಅಲ್ಲ.

ಬ್ರಹ್ಮಾಂಡಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಾಶವಾಗುತ್ತಿರುವಾಗ, ಬ್ರಹ್ಮಾಂಡಗಳಾಚೆಯ ಮಹಾಶಕ್ತರಾದ ಬಿಯಾಂಡರ್‌ಗಳ ಶಕ್ತಿಯನ್ನು ಕಸಿದುಕೊಂಡ ಡೂಮ್, ಉಳಿದ ಚೂರುಗಳನ್ನೆಲ್ಲ ಹೊಲಿದು ‘ಬ್ಯಾಟಲ್‌ವರ್ಲ್ಡ್’ ಎಂಬ ಒಂದೇ ಲೋಕವನ್ನು ಕಟ್ಟಿ, ಅದರ ದೇವರಾಗಿ ಕೂರುತ್ತಾನೆ. ಜಾಣರಲ್ಲಿ ಜಾಣನೆನಿಸಿದ, ‘ಫೆಂಟಾಸ್ಟಿಕ್ ಫೋರ್’ ವೀರರ ತಂಡದ ಮುಖಂಡನೂ ಡೂಮ್‌ನ ಹಳೆಯ ವೈರಿಯೂ ಆದ ರೀಡ್ ರಿಚರ್ಡ್ಸ್‌ನ ಕೈಲಾದದ್ದು ಬೆರಳೆಣಿಕೆಯ ಜನರನ್ನು ಒಂದು ನೌಕೆಯಲ್ಲಿ ತುಂಬಿಕೊಳ್ಳುವುದಷ್ಟೇ. ಆದ್ದರಿಂದ ಲೋಕ ಉಳಿಸಿದವನನ್ನು ಖಳ ಎನ್ನುವುದು ಹೇಗೆ ಎಂಬುದು ಒಂದು ಪಕ್ಷದ ಪ್ರಶ್ನೆ. ರನ್ನನ ದುರ್ಯೋಧನನನ್ನು ಓದಿದವರಿಗೆ ಈ ಪ್ರಶ್ನೆಯ ಧಾಟಿ ಹೊಸದೇನಲ್ಲ.

ಆದರೆ ಆ ಲೋಕದೊಳಗೆ ಅವನು ಮಾಡಿಟ್ಟಿರುವ ಏರ್ಪಾಡನ್ನು ನೋಡಬೇಕು. ರೀಡ್‌ನ ಹೆಂಡತಿ ಸೂಸನ್ ಇಲ್ಲಿ ಡೂಮ್‌ನ ಹೆಂಡತಿ, ರೀಡ್‌ನ ಮಕ್ಕಳು ಅವನ ಮಕ್ಕಳು. ಸೂಸನ್‌ಳ ತಮ್ಮ ಜಾನಿಯನ್ನು ಆಕಾಶದಲ್ಲಿ ಸೂರ್ಯನನ್ನಾಗಿ ಉರಿಯಲು ಬಿಟ್ಟಿದ್ದಾನೆ, ರೀಡ್‌ನ ಗೆಳೆಯ ಬೆನ್ ಗ್ರಿಮ್‌ನನ್ನು ಗಡಿಯ ಗೋಡೆಯನ್ನಾಗಿಸಿದ್ದಾನೆ. ಏನು ಬೇಕಾದರೂ ಸೃಷ್ಟಿಸಬಲ್ಲವನಿಗೆ ತನ್ನ ವೈರಿಯ ಮನೆಯ ಹೊರತು ಬೇರೊಂದು ಮನೆ ಹೊಳೆಯಲಿಲ್ಲ. ಕಥೆಯ ತಿರುಳು ಇಲ್ಲಿದೆ ಎಂದು ನನಗನ್ನಿಸುತ್ತದೆ. ನಾಲ್ಕನೆಯ ಸಂಚಿಕೆಯಲ್ಲಿ ತನ್ನ ಬಲಗೈಯಂತಿದ್ದ ಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್‌ನನ್ನು ಕೊಂದಾಗಲೂ ಅವನನ್ನು ಆಳುತ್ತಿರುವುದು ರಾಜ್ಯದ ಹಿತವಲ್ಲ, ರೀಡ್ ಎಲ್ಲೋ ಬದುಕಿದ್ದಾನೆಂಬ ಅಂಜಿಕೆ.

ಕೊನೆಯ ಸಂಚಿಕೆಯ ಮುಖಾಮುಖಿಯೇ ವಾದದ ಇನ್ನೊಂದು ಕೇಂದ್ರ. ಇದೇ ಶಕ್ತಿ ರೀಡ್‌ನ ಕೈಯಲ್ಲಿದ್ದಿದ್ದರೆ ಅವನು ಇದಕ್ಕಿಂತ ಒಳ್ಳೆಯ ಲೋಕವನ್ನು ಕಟ್ಟುತ್ತಿದ್ದ ಎಂಬುದನ್ನು ಡೂಮ್ ಸಿಟ್ಟಿನ ಭರದಲ್ಲಿ ಒಪ್ಪಿಕೊಂಡುಬಿಡುತ್ತಾನೆ. ಇದು ಡೂಮ್‌ನ ಅಹಂಕಾರಕ್ಕೆ ತಕ್ಕುದಲ್ಲ, ಲೇಖಕರು ಪಾತ್ರವನ್ನು ಕುಗ್ಗಿಸಿದ್ದಾರೆ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. 1962ರಲ್ಲಿ ‘ಫೆಂಟಾಸ್ಟಿಕ್ ಫೋರ್’ನ ಐದನೆಯ ಸಂಚಿಕೆಯಲ್ಲಿ ಕಾಲಿಟ್ಟಂದಿನಿಂದ ಅವನ ಹಟವೆಲ್ಲ ಈ ಒಂದು ಮಾತನ್ನು ಒಪ್ಪದಿರುವುದರ ಮೇಲೆಯೇ ನಿಂತಿತ್ತು, ಅದನ್ನು ಅವನ ಬಾಯಿಂದಲೇ ಹೊರಡಿಸಲು ಇಷ್ಟು ದೊಡ್ಡ ಕಥೆ ಬೇಕಾಯಿತು.

1984–85ರಲ್ಲಿ ಜಿಮ್ ಶೂಟರ್ ಬರೆದ ಹನ್ನೆರಡು ಸಂಚಿಕೆಗಳ ಮೊದಲ ‘ಸೀಕ್ರೆಟ್ ವಾರ್ಸ್’ನ ಜೊತೆಗಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮ್ಯಾಟೆಲ್ ಕಂಪನಿಯ ಆಟಿಕೆಗಳಿಗೆ ಜೋಡಿಯಾಗಿ ಹುಟ್ಟಿದ ಆ ಕಥೆಯಲ್ಲಿಯೂ ಡೂಮ್ ಬಿಯಾಂಡರ್‌ನ ಶಕ್ತಿಯನ್ನು ಕದಿಯುತ್ತಾನೆ, ಮತ್ತು ಕೂಡಲೇ ತನ್ನ ಮುಖದ ಗಾಯವನ್ನು ಅಳಿಸಿಕೊಳ್ಳುತ್ತಾನೆ. 2015ರ ಡೂಮ್‌ನ ಮುಖವಾದರೋ ದೇವರಾದ ಮೇಲೂ ಹಾಗೆಯೇ ಇದೆ. ಶಕ್ತಿಯೆಲ್ಲ ಕೈಬಿಟ್ಟ ಮೇಲೆ, ರೀಡ್‌ನ ದಯೆಯಿಂದ ಅದು ವಾಸಿಯಾಗುತ್ತದೆ.

ರಿಬಿಚ್ ಅವರ ಚಿತ್ರಗಳು ಈ ತೂಕವನ್ನು ಹೊರುತ್ತವೆ. ಬಿಳಿಯ ನಿಲುವಂಗಿಯ ಡೂಮ್ ಸಿಂಹಾಸನದಲ್ಲಿ ಕುಳಿತ ಪುಟಗಳಲ್ಲಿ ಗಾಂಭೀರ್ಯಕ್ಕಿಂತ ದಣಿವೇ ಹೆಚ್ಚಾಗಿ ಕಾಣುತ್ತದೆ. ಕೊರತೆಯಿಲ್ಲವೆಂದಲ್ಲ. ನಾಯಕರೆನಿಸಿಕೊಂಡ ಹಲವರು ಬಂದು ಹೋಗುವ ಅತಿಥಿಗಳಾಗಿ ಉಳಿದಿದ್ದಾರೆ. ಹದಿಹರೆಯದ ಸ್ಪೈಡರ್‌ಮ್ಯಾನ್ ಮೈಲ್ಸ್ ಮೊರಾಲೆಸ್ ತನ್ನ ಬಳಿಯಿದ್ದ ಹಳಸಿದ ಬರ್ಗರ್ ಕೊಟ್ಟು, ಡೂಮ್‌ನ ಶಕ್ತಿಯ ಮೂಲವಾದ ಮಾಲಿಕ್ಯೂಲ್ ಮ್ಯಾನ್‌ನ ಕೃಪೆಗೆ ಪಾತ್ರನಾಗುವ ಪ್ರಸಂಗವೊಂದೇ ಅವರ ಪಾಲಿಗೆ ಬಂದ ಲವಲವಿಕೆಯೇನೋ! ಇದಕ್ಕೂ ಮುಂಚಿನ ಹಿಕ್‌ಮನ್ ಅವರ ‘ನ್ಯೂ ಅವೆಂಜರ್ಸ್’ ಸರಣಿಯನ್ನು ಓದದವರಿಗೆ ಮೊದಲ ಸಂಚಿಕೆ ಗೊಂದಲವೆನಿಸುವುದು ಖಚಿತ. ಆದ್ದರಿಂದ ಅದನ್ನು ಮೊದಲು ಓದಿ, ಆಮೇಲೆ ಇದನ್ನು ಕೊಳ್ಳುವುದು ಲೇಸು. ಹೆಸರಿನಲ್ಲಿ ‘ಸೀಕ್ರೆಟ್ ವಾರ್ಸ್’ ಎಂದಿರುವ ಹತ್ತಾರು ಉಪಸರಣಿಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. 1984ರ ಸಂಪುಟ ಎರವಲು ಸಿಕ್ಕರೆ ಕೊನೆಯ ಮೂರು ಸಂಚಿಕೆಗಳನ್ನು ಓದಿಕೊಂಡರೆ ಸಾಕು.