ಹಳೇ ಕ್ಷೌರದ ಕತ್ತಿ ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ

ಮನೆಯಲ್ಲಿ ತಾತನ ಕಾಲದ ಮಡಚುವ ಕ್ಷೌರದ ಕತ್ತಿ ಇದೆಯಾ? ಸರಿ ಮಾಡಿಸಬೇಕು ಅಂತಿದ್ದೀರಾ? ಸ್ವಲ್ಪ ತಡೆಯಿರಿ. ನನಗೆ ಆಗಿದ್ದು ಓದಿ, ಆಮೇಲೆ ಕೊಡಿ.

ನಮ್ಮ ತಾತನಿಗೆ ನಂಜನಗೂಡಿನಲ್ಲಿ ಕ್ಷೌರದ ಅಂಗಡಿ ಇತ್ತು. ಅವರ ಕತ್ತಿ ಜರ್ಮನಿಯ ಸೋಲಿಂಗೆನ್ ಊರಿನದು, ಕತ್ತಿಗಳಿಗೇ ಹೆಸರಾದ ಊರು. ಬ್ಲೇಡ್ ಅರ್ಧ ಮುರಿದು ಹಾಕುವ ಕತ್ತಿ ಬಂದ ಮೇಲೂ ಅಪ್ಪ ಇದನ್ನು ಬಿಸಾಡಲಿಲ್ಲ, ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದರು. ತೆಗೆದು ನೋಡಿದಾಗ ಅಲಗಿನ ಮೇಲೆ ತುಕ್ಕಿನ ಚುಕ್ಕೆ, ಬಾಯಲ್ಲಿ, ಅಂದರೆ ಹರಿತದ ಅಂಚಿನಲ್ಲಿ, ಸಾಸಿವೆ ಕಾಳಿನಷ್ಟು ಮುಕ್ಕು, ಹಿಡಿಯಲ್ಲಿ ಒಂದು ಬಿರುಕು. ಅಷ್ಟೇ. ಸರಿಯಾದ ಕೈಗೆ ಸಿಕ್ಕಿದ್ದರೆ ಇವತ್ತು ಅದರಲ್ಲಿ ಗಡ್ಡ ತೆಗೆಯಬಹುದಿತ್ತು.

ಬೆಂಗಳೂರಿನಲ್ಲಿ ಒಬ್ಬರು ಹಳೇ ಕತ್ತಿ ಸರಿ ಮಾಡಿ ಕೊಡುತ್ತಾರೆ ಅಂತ ಗೊತ್ತಾಯಿತು. ಫೋಟೋ ಕಳಿಸಿದರು. ತುಕ್ಕು ಹಿಡಿದ ಕತ್ತಿ, ಪಕ್ಕದಲ್ಲೇ ಫಳಫಳ ಹೊಳೆಯುವ ಕತ್ತಿ. ನಾನು ಆ ಹೊಳಪಿಗೇ ಮರುಳಾದೆ. ಅದರಲ್ಲಿ ಒಮ್ಮೆಯಾದರೂ ಗಡ್ಡ ತೆಗೆದು ನೋಡಿದ್ದೀರಾ ಅಂತ ಕೇಳಲಿಲ್ಲ. ಕೇಳಬೇಕಿತ್ತು. 2,800 ರೂಪಾಯಿ ಪೂರ್ತಿ ಮೊದಲೇ ಕೊಟ್ಟೆ.

ಮೂರು ವಾರಕ್ಕೆ ಪಾರ್ಸಲ್ ಬಂತು. ಬಿಚ್ಚಿದರೆ ಕನ್ನಡಿ! ಖುಷಿಯಿಂದ ಓಡಿ ಹೋಗಿ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತಿರುಗಿಸಿದರು. ತುದಿಯ ಹತ್ತಿರ, ಬಾಯಿಯ ಅಂಚಿನಲ್ಲಿ, ತೆಳ್ಳಗೆ ನೀಲಿ ಗೆರೆ. ನವಿಲಿನ ಕತ್ತಿನ ಬಣ್ಣ. ನನಗೆ ಅದೂ ಚೆಂದವೇ ಕಂಡಿತ್ತು. ಅಪ್ಪ ಚರ್ಮದ ಪಟ್ಟಿಗೆ ಎಳೆದು, ಸೋಪು ಹಚ್ಚಿ, ಕೆನ್ನೆಗೆ ಇಟ್ಟರು. ಎರಡು ಎಳೆತ ಬಂತು. ಮೂರನೆಯದಕ್ಕೆ ಕೂದಲು ಕಿತ್ತಿತು. ಕಲ್ಲಿಗೆ ಹಾಕಿ ಮತ್ತೆ ಮಸೆದರು, ಮತ್ತೆ ಅದೇ ಕಥೆ.

"ಹದ ಹೋಗಿದೆ ಕಣೋ. ಇದು ಕತ್ತಿ ಅಲ್ಲ, ತಗಡು" ಅಂದರು.

ಆ ಕ್ಷಣ ನನಗೆ ಆದ ನಾಚಿಕೆ ಹೇಳಲಾರೆ. ಕೊಡೋಣ ಅಂತ ಅಪ್ಪನನ್ನು ಒಪ್ಪಿಸಿದವನು ನಾನೇ.

ಆಗಿದ್ದು ಇಷ್ಟು. ಈ ಕತ್ತಿಗಳ ಅಲಗು ಎರಡೂ ಕಡೆ ಒಳಗೆ ಬಾಗಿರುತ್ತದೆ, ಬಾಯಿಯ ಹತ್ತಿರ ಬಹಳ ತೆಳು. ನೀರು ಹಾಕದ ಒಣ ಸಾಣೆ ಚಕ್ರಕ್ಕೆ ಒತ್ತಿ ಹಿಡಿದರೆ ಆ ತೆಳು ಭಾಗ ನೋಡನೋಡುತ್ತಲೇ ಕಾಯುತ್ತದೆ. ಉಕ್ಕು ನೀಲಿಯಾಯಿತು ಅಂದರೆ ಶಾಖ ಸುಮಾರು 300 ಡಿಗ್ರಿ ಮುಟ್ಟಿದೆ ಅಂತ. ಅಲ್ಲಿಗೆ ಗಟ್ಟಿತನ ಮುಗಿಯಿತು. ಎಷ್ಟು ಮಸೆದರೂ ಬಾಯಿ ಮಡಚಿಕೊಳ್ಳುತ್ತದೆ. ಮೇಲಿನ ಹೊಳಪು ಮಾತ್ರ ಹಾಗೇ ಇರುತ್ತದೆ!

ಇನ್ನೊಂದು ಅನ್ಯಾಯ ನೋಡಿ. ಮಸೆಯುವಾಗ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗುತ್ತವೆ, ಕೋನ ಸಿಗುವುದೇ ಬೆನ್ನಿನಿಂದ. ಆ ಬೆನ್ನನ್ನೂ ಉಜ್ಜಿ ಚಪ್ಪಟೆ ಮಾಡಿದ್ದಾರೆ. ಸಾಸಿವೆಯಷ್ಟು ಮುಕ್ಕು ತೆಗೆಯಲು 5/8 ಇಂಚು ಅಗಲದ ಅಲಗನ್ನು 4/8ಕ್ಕೆ ಇಳಿಸಿದ್ದಾರೆ. ಹಿಡಿಯ ಹತ್ತಿರದ ಮುದ್ರೆ ಅರ್ಧ ಅಳಿಸಿದೆ. ಸೋಲಿಂಗೆನ್ ಅನ್ನುವ ಹೆಸರನ್ನು ಬೇರೆ ಕಡೆಯ ಸರಕಿಗೆ ಹಾಕಬಾರದು ಅಂತ ಜರ್ಮನಿ 1938ರಲ್ಲೇ ಕಾನೂನು ಮಾಡಿತ್ತು. ಅಂಥ ಹೆಸರನ್ನು ಪಾಲಿಶ್ ಮಾಡಿ ಒರೆಸಿ ಹಾಕಿದ್ದಾರೆ.

ಫೋನ್ ಮಾಡಿದೆ. "ಸರ್, ಅದು ಪಾಲಿಶ್ ಬಣ್ಣ" ಅಂದರು. ಅಪ್ಪ ಹೇಳಿದ್ದನ್ನು ಹೇಳಿದೆ. "ನಿಮಗೆ ಪಟ್ಟಿಗೆ ಎಳೆಯೋಕೆ ಬರಲ್ಲ ಸರ್, ಯೂಟ್ಯೂಬ್ ನೋಡಿ ಕಲೀರಿ." ಮೂವತ್ತೆಂಟು ವರ್ಷ ಅಂಗಡಿಯಲ್ಲಿ ನಿಂತು ಕೆಲಸ ಮಾಡಿದ ನಮ್ಮಪ್ಪನಿಗೆ ಈ ಮಾತು! ಮಾರನೇ ದಿನ ಮಾತು ಬದಲಾಯಿತು: "ಹಳೇ ಮಾಲಿಗೆ ಗ್ಯಾರಂಟಿ ಇಲ್ಲ ಅಂತ ಮೊದಲೇ ಹೇಳಿದ್ದೆ." ಹೇಳಿರಲಿಲ್ಲ. ವಾಟ್ಸಾಪ್ ಪೂರ್ತಿ ಹುಡುಕಿದೆ, ಎಲ್ಲೂ ಇಲ್ಲ. ಕೊನೆಗೆ, "ಶೋಕೇಸಲ್ಲಿ ಇಡಿ ಸರ್, ಚೆನ್ನಾಗಿ ಕಾಣುತ್ತೆ." ಶೋಕೇಸಿಗೆ ಇಡೋದಾಗಿದ್ದರೆ ತುಕ್ಕು ಇದ್ದ ಹಾಗೇ ಇಡುತ್ತಿದ್ದೆ, ಅಲ್ವಾ? ದುಡ್ಡು ವಾಪಸ್ ಕೇಳಿದ ಮೇಲೆ ಉತ್ತರವೇ ಇಲ್ಲ. ಬರೀ ನೀಲಿ ಟಿಕ್.

ದಯವಿಟ್ಟು ಹೊಳಪು ನೋಡಿ ಮೋಸ ಹೋಗಬೇಡಿ. ಯಾವ ಕಲ್ಲು ಬಳಸುತ್ತೀರಿ, ಒಣ ಚಕ್ರಕ್ಕೆ ಹಿಡಿಯುತ್ತೀರಾ ಅಂತ ಮೊದಲೇ ಕೇಳಿ. 1000 ನಂಬರಿನ ಕಲ್ಲಿನಿಂದ (ನಂಬರ್ ಹೆಚ್ಚಿದಷ್ಟೂ ಕಲ್ಲು ನಯ) ಶುರು ಮಾಡಿ 8000, 12000ರವರೆಗೆ ಕೈಯಲ್ಲಿ ಮಸೆಯುವವರು ಅದನ್ನು ಸಲೀಸಾಗಿ ಹೇಳುತ್ತಾರೆ. ತಡವರಿಸಿದರೆ ಕತ್ತಿ ಕೊಡಲೇಬೇಡಿ. ಕೊಡುವ ಮುಂಚೆ ಅಗಲ ಅಳೆದು, ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ನಾನು ತೆಗೆದಿರಲಿಲ್ಲ. ಅಗಲ ಅಪ್ಪನ ನೆನಪಿನಲ್ಲಿತ್ತು ಅಷ್ಟೇ, ಅದನ್ನು ರಿಪೇರಿಯವರು ಒಪ್ಪುತ್ತಲೇ ಇಲ್ಲ.

ಯಾರಾದರೂ ಈಗಾಗಲೇ ಇಂಥವರ ಕೈಗೆ ಕತ್ತಿ ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ. ಚಕ್ರಕ್ಕೆ ಹಿಡಿಯುವ ಮುಂಚೆ, ತುಕ್ಕು ಇದ್ದ ಹಾಗೇ ವಾಪಸ್ ತನ್ನಿ.